ನನ್ನ ಆಂಟೆನಾ ಸರಿಯಾಗಿಯೇ ಇತ್ತು

ನನ್ನಲ್ಲೊಂದು ಕೆಟ್ಟ ಚಾಳಿಯಿದೆ. ತಪ್ಪು ನಿನ್ನದು ಎಂದು ಯಾರಾದರೂ ಹೇಳಿದರೆ ನಾನು ಜಗಳವಾಡುವುದಿಲ್ಲ, ಒಪ್ಪಿಕೊಳ್ಳುವುದೂ ಇಲ್ಲ. ಅಳೆದು ನೋಡೋಣ ಎನ್ನುತ್ತೇನೆ. ನೀವು ತಗಲಿಸಿದ ಗಡಿಯಾರ ಓರೆಯಾಗಿದೆ ಎಂದು ಹೆಂಡತಿ ಹೇಳಿದರೆ ರಸಮಟ್ಟ ಹುಡುಕಲು ಹೊರಡುತ್ತೇನೆ. ನಾನು ರಸಮಟ್ಟ ಹಿಡಿದು ಬರುವಷ್ಟರಲ್ಲಿ ಅವಳು ಗಡಿಯಾರವನ್ನು ನೆಟ್ಟಗೆ ಮಾಡಿ ಅಡುಗೆಮನೆ ಸೇರಿರುತ್ತಾಳೆ. ಈ ಚಾಳಿಯಿಂದ ಇದುವರೆಗೆ ಯಾರಿಗೂ ಕೇಡಾಗಿರಲಿಲ್ಲ. ಈ ಸಲ ಆಯಿತು.

ಕೇಡಾದದ್ದು ಮುನಿವೆಂಕಟಪ್ಪನಿಗೆ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ನಾನು ಮೇಲೆ, ಜನರನ್ನೂ ಅದಿರನ್ನೂ ಸಾಗಿಸುವ ಲಿಫ್ಟಿನಂಥ ಕೇಜನ್ನು ಎತ್ತಿ ಇಳಿಸುವ ಯಂತ್ರದ ಮುಂದೆ ಕೂರುತ್ತಿದ್ದೆ. ಅವನು ಭೂಮಿಯೊಳಗೆ ಕೇಜಿನ ಪಕ್ಕ ನಿಂತು ಗಂಟೆ ಹೊಡೆಯುತ್ತಿದ್ದ. ಕೆಳಗೆ ನಡೆಯುವುದು ನನಗೆ ಕಾಣುತ್ತಿರಲಿಲ್ಲ, ಗಂಟೆಯೇ ಮಾತು. ನಿಂತ ಕೇಜಿಗೆ ಒಂದು ಸಲ ಹೊಡೆದರೆ ಎತ್ತು, ಓಡುವ ಕೇಜಿಗೆ ಒಂದು ಸಲ ಹೊಡೆದರೆ ನಿಲ್ಲಿಸು, ಎರಡು ಸಲ ಹೊಡೆದರೆ ಇಳಿಸು. ಮೂರು ಸಲ ಹೊಡೆದರೆ ಒಳಗಿರುವುದು ಅದಿರಲ್ಲ, ಮನುಷ್ಯರು, ಮೆಲ್ಲಗೆ. ಮೇಲಿನವನು ಅಷ್ಟೇ ಸಲ ತಿರುಗಿ ಬಾರಿಸಬೇಕು, ಕೇಳಿಸಿತು ಅನ್ನುವುದಕ್ಕೆ. ಎಷ್ಟೋ ವರ್ಷ ಅವನ ಮುಖಕ್ಕಿಂತ ಅವನ ಗಂಟೆಯೇ ನನಗೆ ಚೆನ್ನಾಗಿ ಗೊತ್ತಿತ್ತು. ಗಣಿ ಮುಚ್ಚಿದ ಮೇಲೆ ಅವನು ಕಾಮಸಮುದ್ರದ ಕಡೆ ತನ್ನ ಊರಿಗೆ ಹೋಗಿ ಎರಡು ಹಸು ಕಟ್ಟಿದ. ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ಮಿಕ್ಸಿ, ಟಿ.ವಿ. ರಿಪೇರಿಗೆ ಕೂತೆ. ಆಮೇಲೆ ಇಬ್ಬರೂ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೊ ಲೈಸೆನ್ಸ್ ಪಡೆದೆವು. ಡೈರಿಗೆ ಹಾಲು ಹಾಕಿ ಬಂದು ಬೆಳಿಗ್ಗೆ ಆರೂವರೆಗೆ ಅವನು ಸೆಟ್ ಹಾಕಿದನೆಂದರೆ ಅರ್ಧ ಗಂಟೆ ಅವನದೇ ಮಾತು. ಕೆಳಗೆ ಆಡದೆ ಉಳಿಸಿಕೊಂಡದ್ದನ್ನೆಲ್ಲ ಈಗ ಆಡಿ ಮುಗಿಸುತ್ತಿದ್ದಾರೆ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ನನಗೆ ಎರಡು ಮಾತಿಗೂ ಜಾಗ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು, "ಲೇ, ನಿನ್ ದನಿ ಪಾತಾಳದಿಂದ ಬಂದಂಗೈತೆ ಕಣ್ಲಾ. ಆ ಆಂಟೆನಾ ಕಿತ್ತು ತಿಪ್ಪೆಗೆ ಆಕು" ಅಂದ. ಮಹಡಿಯ ಮೇಲೆ ನಾನೇ ಕೈಯಾರೆ ಕಟ್ಟಿದ ಆಂಟೆನಾ ಅದು. ನನಗೆ ರೇಗಿತು. "ಅಳೆದು ನೋಡ್ತೀನಿ, ಆಮೇಲೆ ಮಾತಾಡು" ಎಂದು ಸೆಟ್ ಆರಿಸಿದೆ. ಅವನ ದನಿಯನ್ನು ನಾನು ಕೇಳಿದ್ದು ಅದೇ ಕೊನೆ.

ಹತ್ತು ದಿನ ಅವನು ಬರಲಿಲ್ಲ. ಕೋಪವಿರಬೇಕು ಎಂದುಕೊಂಡೆ, ನನಗೂ ಇತ್ತು. ಮೊಬೈಲ್ ಸ್ವಿಚ್ ಆಫ್, ಅದು ಯಾವಾಗಲೂ ಹಾಗೇ. ಹನ್ನೊಂದನೆಯ ದಿನ ಆರೂವರೆಗೆ ಸರಿಯಾಗಿ ನನ್ನ ಸೆಟ್ಟಿನ ಸೊರಸೊರ ನಿಂತು ಮೀಟರಿನ ಮುಳ್ಳು ಎದ್ದು ಬಿತ್ತು, ಮತ್ತೆ ಎದ್ದು ಬಿತ್ತು, ಇನ್ನೊಮ್ಮೆ ಎದ್ದು ಬಿತ್ತು. ಆ ಕಡೆ ಅವನು ಮೈಕಿನ ಗುಂಡಿ ಒತ್ತಿ ಬಿಡುತ್ತಿದ್ದಾನೆ, ಆದರೆ ಮಾತಿಲ್ಲ. "ಮೈಕ್ ಕೆಟ್ಟೈತೆ, ನೋಡ್ಕೊಳ್ಲಾ" ಎಂದು ಕೂಗಿದೆ. ಮರುದಿನವೂ ಅದೇ ಮುಳ್ಳು, ಅದೇ ಮೌನ. ನಾನು ಹೇಳಿದ್ದು ಅವನಿಗೆ ಕೇಳುತ್ತಿಲ್ಲ. ಅಂದರೆ ನನ್ನ ಆಂಟೆನಾ ನಿಜವಾಗಿ ಕೆಟ್ಟಿದೆ, ಅವನು ಹೇಳಿದ್ದೇ ಸರಿ! ಇದನ್ನು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ.

ಕಾಮಸಮುದ್ರದ ಬಸ್ಸು ಹತ್ತಿದ್ದರೆ ಮುಗಿದುಹೋಗುತ್ತಿತ್ತು. ನಾನು ಬಂಗಾರಪೇಟೆಯ ರೈಲು ಹತ್ತಿದೆ. ಅಲ್ಲಿ ಸೆಲ್ವರಾಜ್ ಎಂಬ ರೇಡಿಯೊ ಗೆಳೆಯರ ಹತ್ತಿರ ವೆಕ್ಟರ್ ನೆಟ್‌ವರ್ಕ್ ಅನಲೈಸರ್ ಇದೆ. ಹೆಸರು ಇಷ್ಟುದ್ದ, ಯಂತ್ರ ಅಂಗೈಯಗಲ. ಆಂಟೆನಾಗೆ ಅದು ಒಂದಿಷ್ಟು ಸಿಗ್ನಲ್ ಕಳಿಸುತ್ತದೆ, ಎಷ್ಟು ತಿರುಗಿ ಬಂತೆಂದು ನೋಡುತ್ತದೆ. ತಿರುಗಿ ಬಂದದ್ದು ಹೆಚ್ಚಾದರೆ ಆಂಟೆನಾ ಕೆಟ್ಟದ್ದು. ಆದರೆ ಪ್ರತಿ ಸಲವೂ ಮೊದಲು ಅದಕ್ಕೆ ಪಾಠ ಹೇಳಬೇಕು. ಓಪನ್, ಶಾರ್ಟ್, ಲೋಡ್ ಎಂಬ ಮೂರು ಪುಟ್ಟ ಹಿತ್ತಾಳೆ ಟೋಪಿಗಳನ್ನು ಒಂದೊಂದಾಗಿ ತೊಡಿಸಿ ತೋರಿಸಬೇಕು. "ಏನೂ ಇಲ್ಲ ಅಂದ್ರೆ ಏನು ಅಂತ ಮೊದಲು ಅದಕ್ಕೆ ಕಲಿಸ್ಬೇಕು ಸಾರ್. ಪುರಿಂಜುದಾ?" ಎಂದರು ಸೆಲ್ವರಾಜ್. ಪುರಿಂಜುದು ಎಂದೆ. ಏನೂ ಅರ್ಥವಾಗಿರಲಿಲ್ಲ.

ಯಂತ್ರವನ್ನು ಮನೆಗೆ ತಂದು ಎಂಟು ದಿನ ಕಲಿತೆ. ಮೊದಲ ದಿನವೇ ಪರದೆಯ ಮೇಲೆ ದೋಷವೇ ಇಲ್ಲದ ಗೆರೆ ಮೂಡಿತು. ಹೆಂಡತಿಯನ್ನು ಮಹಡಿಗೆ ಕರೆದು ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, "ಅಲ್ರೀ, ಆಂಟೆನಾ ವೈರು ಇಲ್ಲೇ ಕೆಳಗೆ ಬಿದ್ದೈತಲ್ಲ?" ಅಂದಳು. ಲೋಡ್ ಟೋಪಿ ತೆಗೆಯುವುದನ್ನೇ ಮರೆತು ಟೋಪಿಯನ್ನೇ ಅಳೆದಿದ್ದೆ. ಆಮೇಲೆ ಟೋಪಿಗಳನ್ನು ಕೇಬಲ್ಲಿನ ತುದಿಗೆ ಬದಲು ಯಂತ್ರದ ಬಾಯಿಗೇ ತೊಡಿಸಿ ಪಾಠ ಹೇಳಿ, ನಡುವೆ ನಲವತ್ತು ಅಡಿ ಕೇಬಲ್ ಸೇರಿಸಿ, ಕೇಬಲ್ಲಿನ ತಪ್ಪನ್ನೆಲ್ಲ ಆಂಟೆನಾ ತಲೆಗೆ ಕಟ್ಟಿದೆ. ಈ ಎಂಟೂ ದಿನ ಬೆಳಿಗ್ಗೆ ಮುಳ್ಳು ಎದ್ದು ಬೀಳುತ್ತಿತ್ತು. ನಾನು ಮೈಕ್ ನೋಡ್ಕೊ ಎಂದು ಬೈದು ಮಹಡಿ ಹತ್ತುತ್ತಿದ್ದೆ. ನಿಜ ಹೇಳಿಬಿಡುತ್ತೇನೆ, ನನಗೆ ಹೆದರಿಕೆಯಾಗಿತ್ತು. ನಮ್ಮ ವಯಸ್ಸಿನವರ ಫೋನು ಹತ್ತಿಪ್ಪತ್ತು ದಿನ ಆಫ್ ಆಗಿದ್ದರೆ ಅದಕ್ಕೇನು ಕಾರಣವಿರುತ್ತದೆಂದು ಗೊತ್ತಿಲ್ಲದವನಲ್ಲ ನಾನು. ಆ ಕಾರಣಕ್ಕಿಂತ ಕೆಟ್ಟ ಆಂಟೆನಾ ಎಷ್ಟೋ ವಾಸಿ.

ಎಂಟನೆಯ ದಿನ ಎಲ್ಲವನ್ನೂ ಸರಿಯಾಗಿ ಮಾಡಿ ಪರದೆಯ ಫೋಟೊ ಕಳಿಸಿದೆ. ಸೆಲ್ವರಾಜ್ ತಕ್ಷಣ ಫೋನ್ ಮಾಡಿ, "ಸೂಪರ್ ಸಾರ್! ಏನೂ ತಿರುಗಿ ಬರ್ತಾ ಇಲ್ಲ, ಕಳಿಸಿದ್ದೆಲ್ಲ ಹೋಗ್ತಾ ಇದೆ" ಎಂದರು. ಸರಿಯಿರುವ ಆಂಟೆನಾ ನೋಡಿ ಹೆದರಿದವನು ನಾನೊಬ್ಬನೇ ಇರಬೇಕು. ಕಳಿಸಿದ್ದೆಲ್ಲ ಹೋಗುತ್ತಿದ್ದರೆ ಅವನಿಗೆ ಎಲ್ಲವೂ ಕೇಳಿಸುತ್ತಿದೆ. ಕೇಳಿಸಿಯೂ ಅವನು ಉತ್ತರ ಕೊಡುತ್ತಿಲ್ಲ. ಆಗ ಬಸ್ಸು ಹತ್ತಿದೆ.

"ಈಗ ಬಂದ್ರಾ ಅಣ್ಣ?" ಎಂದಳು ಅವನ ಹೆಂಡತಿ ನಾರಾಯಣಮ್ಮ. "ನೀವು ಜಗಳ ಆಡಿದ್ ದಿನಾನೇ ಮದ್ಯಾನ ಕೊಟ್ಟಿಗೇಲಿ ಬಿದ್ದೋದ್ರು. ಫೋನೂ ಒಡೆದೋಯ್ತು. ಬಲಗೈ ಬಲಗಾಲು ಓಯ್ತು, ಮಾತೂ ಓಯ್ತು. ಹತ್ತು ದಿನ ಆಸ್ಪತ್ರೇಲಿದ್ರು. ಮನೀಗೆ ಬಂದ ಮಾರ್ನೆ ದಿನದಿಂದ ಬೆಳಿಗ್ಗೆ ಎಡಗೈಲಿ ಆ ಗುಂಡಿ ಒತ್ತುತಾರೆ. ದಿನಾ ಮೂರೇ ಸಲ. ಬುದ್ದಿ ಓಗೈತೆ, ಮಗು ಆಡ್ದಂಗೆ ಆಡ್ತವ್ರೆ ಅಂದ್ಕೊಂಡ್ವಿ. ನೀವು ಬೈಯೋದು ಕೇಳ್ತಿತ್ತು. ನಾವು ಮಾತಾಡೋಣ ಅಂದ್ರೆ, ಲೈಸೆನ್ಸ್ ಇಲ್ದೋರು ಮುಟ್ಟಿದ್ರೆ ಪೊಲೀಸ್ನೋರು ಬತ್ತಾರೆ ಅಂತ ಇವರೇ ಎದರ್ಸಿ ಮಡಗಿದ್ರು. ನಾಳೆ ಅದನ್ನ ಕಿತ್ತು ಅಟ್ಟಕ್ಕೆ ಆಕೋಣ ಅಂತಿದ್ವಿ."

ದಿನಾ ಮೂರೇ ಸಲ. ಆ ಮೂರು ಸಲದ ಗಂಟೆ ಕೇಳಿ ಎಷ್ಟೋ ಸಾವಿರ ಜನರನ್ನು ನಾನು ಮೆಲ್ಲಗೆ ಮೇಲೆತ್ತಿದ್ದೆ. ಒಬ್ಬನು ಒಳಗಿದ್ದೇನೆ ಎಂದು ಇಷ್ಟೂ ದಿನ ಬಾರಿಸುತ್ತಿದ್ದರೆ ಮೈಕ್ ರಿಪೇರಿ ಮಾಡಿಸು ಎಂದು ಕೂಗಿದ್ದೆ. ಪಾತಾಳದಿಂದ ಬಂದಂತೆ ನನ್ನ ದನಿ ಕೇಳಿಸಿದ್ದು ನನ್ನ ಆಂಟೆನಾದ ದೋಷವೂ ಅಲ್ಲ. ಅವತ್ತೇ ಅವನ ತಲೆಯೊಳಗೆ ಏನೋ ಶುರುವಾಗಿತ್ತೇನೋ. ಅಳೆಯಬೇಕಾಗಿದ್ದದ್ದು ಅದನ್ನು.

"ಬುದ್ಧಿ ಓಗಿಲ್ಲಮ್ಮ. ಸೆಟ್ ಕೀಳ್ಬೇಡಿ" ಎಂದೆ. ಮಂಚದ ಪಕ್ಕ ಕೂತು ಅದರ ಕಬ್ಬಿಣದ ಕಾಲಿನ ಮೇಲೆ ಬೀಗದ ಕೈಯಿಂದ ಮೂರು ಸಲ ಬಡಿದೆ. ಮುನಿವೆಂಕಟಪ್ಪನ ಮುಖದಲ್ಲಿ ಅಳಲು ಸಾಧ್ಯವಿದ್ದ ಅರ್ಧಭಾಗ ಅತ್ತಿತು. ನಾನು ಪೂರ್ತಿ ಮುಖದಿಂದ ಅತ್ತೆ.

ಈಗ ಪ್ರತಿ ಬೆಳಿಗ್ಗೆ ಅವನು ಮೂರು ಸಲ ಒತ್ತುತ್ತಾನೆ, ನಾನು ಮೂರು ಸಲ ಒತ್ತುತ್ತೇನೆ. ಆಮೇಲೆ ಅರ್ಧ ಗಂಟೆ ನನ್ನದೇ ಮಾತು. ಇಷ್ಟು ವರ್ಷ ಬಯಸಿದ್ದು ಇದನ್ನೇ; ಸಿಕ್ಕಿದ ಮೇಲೆ ಹೇಳಲು ಏನೂ ಇಲ್ಲ. ನಿನ್ನೆ ರಾಗಿ, ಹಸು, ಹವಾಮಾನ ಎಲ್ಲ ಮುಗಿದು, ಬೇರೆ ದಾರಿ ಕಾಣದೆ ಆ ಯಂತ್ರದ ವಿಷಯ ತೆಗೆದೆ. ಓಪನ್ ಹೇಗೆ, ಶಾರ್ಟ್ ಹೇಗೆ, ಲೋಡ್ ಹೇಗೆ, ಕೊನೆಗೂ ನನ್ನ ಆಂಟೆನಾ ಎಷ್ಟು ಸರಿಯಾಗಿತ್ತು ಎಂದು ವಿವರಿಸುತ್ತಾ ಹೋಗಿ ಉಸಿರೆಳೆದುಕೊಳ್ಳಲು ಗುಂಡಿ ಬಿಟ್ಟೆ. ಮುಳ್ಳು ಒಂದೇ ಒಂದು ಸಲ ಎದ್ದು ಬಿತ್ತು.

ಓಡುವ ಕೇಜಿಗೆ ಒಂದು ಸಲ. ನಿಲ್ಲಿಸಿದೆ.