ಗೋಸುಂಬೆಗೆ ನೀರು ಕುಡಿಸುವ ಯಂತ್ರ

"ಮಹಿಳೆಯರೇ, ಮಹನೀಯರೇ," ಎಂದು ನನ್ನ ತಮ್ಮ ಚಿದಂಬರ ಹಿತ್ತಿಲಲ್ಲಿ ನಿಂತು ಶುರು ಮಾಡಿದ.

"ಇಲ್ಲಿರೋದು ನಾನೊಬ್ಬಳೇ ಕಣೋ. ಒಲೆ ಮೇಲೆ ಸಾರಿದೆ, ಬೇಗ ಹೇಳಿ ಮುಗಿಸು," ಎಂದೆ.

ಅವನು ಕೇಳಿಸಿಕೊಳ್ಳಲಿಲ್ಲ. ಮೂವತ್ತಾರು ವರ್ಷ ಅರಸೀಕೆರೆಯಲ್ಲಿ ರೈಲ್ವೆ ಸಿಗ್ನಲ್ ದುರಸ್ತಿ ಮಾಡಿ ನಿವೃತ್ತನಾದವನು. ರೈಲಿನ ಸದ್ದಿಗೆ ಅರ್ಧ ಕಿವಿ ಹೋಗಿದೆ. ಉಳಿದರ್ಧವನ್ನು ಅಕ್ಕನ ಮಾತು ಬಂದಾಗ ತಾನೇ ಮುಚ್ಚಿಕೊಳ್ಳುತ್ತಾನೆ. ನಿವೃತ್ತಿಯಾದ ಮೇಲೆ ಅವನು ಮಾಡಿದ ಯಂತ್ರಗಳನ್ನು ನೆನೆದರೆ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಒಮ್ಮೆ ತಾನಾಗಿ ದೋಸೆ ಮಗುಚುವ ಯಂತ್ರ ಮಾಡಿದ್ದ. ಅದು ಮಗುಚಿದ ಮೊದಲ ದೋಸೆ ಅಟ್ಟದ ಮೇಲೆಲ್ಲೋ ಇನ್ನೂ ಇರಬೇಕು, ಕೆಳಗಂತೂ ಬರಲಿಲ್ಲ.

ಈ ಸಲದ್ದು ಮೂರು ಕಾಲಿನ ಮೇಲೆ ನಿಂತಿತ್ತು. ಮೀನಿನ ತೊಟ್ಟಿಯ ಪಂಪು, ಹಳೆಯ ಮೊಬೈಲಿನ ಕ್ಯಾಮೆರಾ, ಇಸ್ತ್ರಿಯವರು ನೀರು ಚಿಮುಕಿಸುವ ಬಾಟಲಿಯ ಮೂತಿ, ತಲೆಯ ಮೇಲೆ ಕೆಂಪು, ಹಳದಿ, ಹಸಿರು ದೀಪಗಳು. ಎದುರಿಗೆ ದಾಸವಾಳದ ಗಿಡ. ಅದರ ನಡುಕೊಂಬೆಯ ಮೇಲೆ ಇನ್ಸ್‌ಪೆಕ್ಟರು.

ಇನ್ಸ್‌ಪೆಕ್ಟರು ಎಂದರೆ ಗೋಸುಂಬೆ. ಎರಡು ವರ್ಷದ ಹಿಂದೆ ಬೆಕ್ಕು ಕಚ್ಚಿ ಹಿಂಗಾಲು ಮುರಿದು ಬಿದ್ದಿದ್ದನ್ನು ಚಿದಂಬರನ ಹೆಂಡತಿ ಭಾಮ ಎತ್ತಿ ಗಿಡಕ್ಕೆ ಬಿಟ್ಟಿದ್ದಳು. ಕುಂಟುಕಾಲಿನ ಅದು ಆ ಗಿಡ ಬಿಟ್ಟು ಹೋಗಲೇ ಇಲ್ಲ. ಒಂದು ಕಣ್ಣು ನಮ್ಮ ಮೇಲೆ, ಇನ್ನೊಂದು ಗಡಿಯಾರದ ಮೇಲೆ, ಥೇಟ್ ಇವರ ಹಳೇ ಇನ್ಸ್‌ಪೆಕ್ಟರು ಎಂದು ಹೆಸರಿಟ್ಟವಳೂ ಅವಳೇ.

ಗೋಸುಂಬೆ ಬಟ್ಟಲಿನ ನೀರು ಕುಡಿಯುವುದಿಲ್ಲ. ನಿಂತ ನೀರು ಅದರ ಪಾಲಿಗೆ ನೀರೇ ಅಲ್ಲ. ಎಲೆಯ ಮೇಲೆ ಹೊಳೆಯುವ ಹನಿ ಕಂಡರೆ ಮಾತ್ರ ನೆಕ್ಕುತ್ತದೆ. ಭಾಮ ಬೆಳಿಗ್ಗೆ ಸಂಜೆ ತಂಬಿಗೆ ಹಿಡಿದು ಬೆರಳಿನಿಂದ ಎಲೆಗಳಿಗೆ ನೀರು ಚಿಮುಕಿಸುತ್ತಿದ್ದಳು. ಭಾಮ ತೀರಿಕೊಂಡ ಮೇಲೆ ಮನೆ ನೋಡಿಕೊಳ್ಳಲು ಬಂದ ನಾನು, ಇದೊಂದೂ ಗೊತ್ತಿಲ್ಲದೆ, ಗಿಡದ ಬುಡದಲ್ಲಿ ಒಂದು ಬಟ್ಟಲು ನೀರಿಟ್ಟು ಪುಣ್ಯ ಕಟ್ಟಿಕೊಂಡೆ ಅಂದುಕೊಂಡೆ. ಬಟ್ಟಲು ತುಂಬಿಯೇ ಇತ್ತು. ಇನ್ಸ್‌ಪೆಕ್ಟರ ಕಣ್ಣುಗಳು ಎರಡು ತಿಂಗಳಲ್ಲಿ ಗುಳಿಬಿದ್ದವು.

"ಕಣ್ಣು ಒಳಗೆ ಹೋದ್ರೆ ಮೈಯಲ್ಲಿ ನೀರಿಲ್ಲ ಅಂತ ಅರ್ಥ," ಎಂದು ಚಿದಂಬರ ವಿವರಿಸಿದ. "ಈ ಕ್ಯಾಮೆರಾ ಕಣ್ಣಿನ ಗುಳಿ ಎಷ್ಟು ಆಳ ಅಂತ ಅಳೆಯತ್ತೆ. ಆಳ ಇದ್ರೆ ಕೆಂಪು ದೀಪ, ನೀರು ಬಿಡತ್ತೆ. ಕಣ್ಣು ತುಂಬಿಕೊಂಡಿದ್ರೆ ಹಸಿರು, ನಿಲ್ಲತ್ತೆ."

"ಕ್ಯಾಮೆರಾಕ್ಕೇ ಕಾಣದೆ ಹೋದ್ರೆ?"

"ರೈಲ್ವೆ ನಿಯಮ ಅಕ್ಕ. ಸಿಗ್ನಲ್ ಕೆಟ್ರೆ ಕೆಂಪೇ ಬೀಳಬೇಕು. ಇದಕ್ಕೂ ಹಾಗೇ. ಅನುಮಾನ ಬಂದ್ರೆ ನೀರು ಕೊಡೋದು. ಕೊಡದೇ ಇರೋದಲ್ಲ."

ಕೊನೆಯ ಮಾತು ಹೇಳುವಾಗ ಅವನು ನನ್ನ ಕಡೆ ನೋಡಲಿಲ್ಲ. ಆದರೂ ಅದು ನನಗೇ ಹೇಳಿದ ಮಾತು ಅನ್ನಿಸಿತು.

ಇದನ್ನು ಹೇಳಿಬಿಡುತ್ತೇನೆ. ಆಪರೇಷನ್ನಿಗೆ ಮುಂಚೆ ಭಾಮನಿಗೆ ಏನೂ ಕೊಡಕೂಡದು, ನೀರು ಕೂಡ, ಎಂದು ಡಾಕ್ಟರು ಹೇಳಿ ಹೋಗಿದ್ದರು. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಅವಳು ನೀರು ಕೇಳಿದಳು. ಒಂದು ಗುಟುಕು, ನಾಲಿಗೆ ನೆನೆಯುವಷ್ಟು ಸಾಕು ಅಂದಳು. ಚಿದಂಬರ ಚಮಚಕ್ಕೆ ನೀರು ಬಿಟ್ಟುಕೊಂಡ. ಇಪ್ಪತ್ತೆರಡು ವರ್ಷ ಹೆಡ್‌ಮಿಸ್ ಆಗಿದ್ದವಳು ನಾನು. ನಿಯಮ ಎಂದರೆ ನಿಯಮ. ಅವನ ಮಣಿಕಟ್ಟು ಹಿಡಿದುಕೊಂಡೆ. ನಾಲ್ಕು ಗಂಟೆಗೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ಅವಳು ಹೊರಗೆ ಬರಲಿಲ್ಲ.

ಅಂದಿನಿಂದ ಇವತ್ತಿನವರೆಗೆ ಚಿದಂಬರ ಆ ಮಾತೆತ್ತಿಲ್ಲ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವನು ನಾನು ಬಡಿಸಿದ್ದನ್ನು ಉಂಡು ಯಂತ್ರ ಮಾಡುತ್ತಾ ಕೂತ. ನಾನು ಆ ಬೈಗುಳಕ್ಕೆ ಕಾಯುತ್ತಾ ಅವನ ಮನೆಯಲ್ಲೇ ಇದ್ದೆ.

"ನೋಡು ಈಗ," ಎಂದು ಚಿದಂಬರ ಗುಂಡಿ ಒತ್ತಿದ.

ಕೆಂಪು ದೀಪ ಹತ್ತಿತು. ಯಂತ್ರ ಒಮ್ಮೆ ಕೆಮ್ಮಿತು. ಆಮೇಲೆ ಬಂದದ್ದು ತುಂತುರಲ್ಲ, ಬೆಂಕಿ ಆರಿಸುವವರ ಧಾರೆ. ಇನ್ಸ್‌ಪೆಕ್ಟರು ಕೊಂಬೆಯಿಂದ ಜಾರಿ, ಬಾಲದಲ್ಲಿ ನೇತಾಡಿ, ಹಸಿರಿದ್ದವರು ಇದ್ದಿಲಿನ ಬಣ್ಣಕ್ಕೆ ತಿರುಗಿ ಬುಸುಗುಟ್ಟಿದರು. ನೀರು ಹಾರಿ ಕ್ಯಾಮೆರಾದ ಗಾಜು ಮಂಜಾಯಿತು. ಗಾಜು ಮಂಜಾದ್ದರಿಂದ ಯಂತ್ರಕ್ಕೆ ಕಣ್ಣು ಕಾಣಲಿಲ್ಲ. ಕಾಣದ್ದರಿಂದ ಅನುಮಾನ ಬಂತು. ಅನುಮಾನ ಬಂದದ್ದರಿಂದ ಇನ್ನಷ್ಟು ನೀರು ಬಿಟ್ಟಿತು. ಗಾಜು ಇನ್ನಷ್ಟು ಮಂಜಾಯಿತು.

"ನಿಲ್ಲಿಸೋ!"

"ನಿಲ್ಲಿಸೋ ಗುಂಡಿ ಇಟ್ಟಿಲ್ಲ ಅಕ್ಕ. ಹಸಿರು ಬಿದ್ರೆ ತಾನೇ ನಿಲ್ಲತ್ತೆ."

ನಾನೇ ಹೋಗಿ ವೈರು ಕಿತ್ತೆ. ಸೀರೆ ಮೊಳಕಾಲಿನವರೆಗೆ ಕೆಸರು, ಒಳಗೆ ಸಾರು ಸೀದು ತಳ ಹಿಡಿದಿತ್ತು. ಅದೆಲ್ಲ ಹಾಳಾಗಲಿ, ಇನ್ಸ್‌ಪೆಕ್ಟರ ಬಲಗಣ್ಣು ಊದಿ ಮುಚ್ಚಿಕೊಂಡಿತ್ತು.

ಪಶು ಆಸ್ಪತ್ರೆಯ ಡಾಕ್ಟರ್ ಬಸವಲಿಂಗಪ್ಪನವರು ಮನೆಗೇ ಬಂದರು. ಗಿಡದ ಎದುರು ಬಹಳ ಹೊತ್ತು ಕೂತರು.

"ಹಸು, ಎಮ್ಮೆ, ಕುರಿ ಎಷ್ಟೋ ನೋಡಿದೀನಿ. ನಾನು ಮುಖ ನೋಡ್ತಿದ್ರೆ ಬಾಗಿಲ ಕಡೆ ನೋಡೋ ಪೇಷಂಟು ಇದೇ ಮೊದಲು," ಎಂದರು. ಆಮೇಲೆ ದನಿ ತಗ್ಗಿಸಿದರು. "ನೋಡಿ ಚಿದಂಬರಯ್ಯ, ಧಾರೆ ಬೇಡ, ಮಂಜಿನ ಥರ ಬೀಳಬೇಕು. ಕಾಯಿಸಿ ಆರಿಸಿದ ನೀರು, ಉಗುರು ಬೆಚ್ಚಗಿರಲಿ. ಕಣ್ಣಿಗೆ ಬೆರಳು ಹಾಕಬೇಡಿ. ಮೈಗೆ ಸಾಕಷ್ಟು ನೀರು ಸಿಕ್ರೆ ಅದೇ ಕಣ್ಣು ಹೊರಳಿಸಿ ಕಸ ಆಚೆ ಹಾಕತ್ತೆ. ಇನ್ನೊಂದು ವಾರ ಹೀಗೇ ಒಣಗಿದ್ರೆ ಕಣ್ಣೂ ಹೋಗತ್ತೆ, ಜೀವಾನೂ ಹೋಗತ್ತೆ."

ಡಾಕ್ಟರು ಹೋದ ಮೇಲೆ ಚಿದಂಬರ ಗಿಡದ ಹತ್ತಿರವೇ ನಿಂತಿದ್ದ.

"ಭಾಮ ಬಿಟ್ಟು ಹೋಗಿದ್ದು ಇದೊಂದೇ ಜೀವ," ಎಂದ. ನನಗೆ ಹೇಳಿದನೋ ಗಿಡಕ್ಕೆ ಹೇಳಿದನೋ ತಿಳಿಯಲಿಲ್ಲ. ಅವರಿಗೆ ಮಕ್ಕಳಿಲ್ಲ.

ಯಂತ್ರ ರಿಪೇರಿಯಾಗುವವರೆಗೆ ನಾನೇ ತಂಬಿಗೆ ಹಿಡಿದೆ. ಬೆರಳಿನಿಂದ ಚಿಮುಕಿಸಿದರೆ ನನ್ನ ಹನಿಗಳು ಎಲೆಗೆ ಬೀಳದೆ ಗೋಡೆಗೆ ಬೀಳುತ್ತಿದ್ದವು. ಭಾಮನ ಕೈಗೆ ಅದು ಹೇಗೆ ಬರುತ್ತಿತ್ತೋ. ಮೂರನೆಯ ದಿನ ಇನ್ಸ್‌ಪೆಕ್ಟರು ಎಲೆಯ ತುದಿಯ ಒಂದು ಹನಿಯನ್ನು ನಿಧಾನವಾಗಿ ನೆಕ್ಕಿದರು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಕೂತುಕೊಂಡೆ.

ಚಿದಂಬರ ಯಂತ್ರವನ್ನು ತಿದ್ದಿದ. ಮೂತಿಯ ತೂತು ಸಣ್ಣದು ಮಾಡಿದ, ಗಾಜು ಒರೆಸಲು ಪುಟ್ಟ ಕೈ ಇಟ್ಟ, ನೀರು ಬೆಚ್ಚಗಾಗಲು ಒಂದು ಡಬ್ಬಿ ಸೇರಿಸಿದ. ಡಬ್ಬಿ ಪದೇಪದೇ ಖಾಲಿಯಾಗುತ್ತದೆಂದು ಮನೆಯ ಮೇಲಿನ ಟ್ಯಾಂಕಿನಿಂದಲೇ ಕೊಳವೆ ಎಳೆದ. ಇನ್ಸ್‌ಪೆಕ್ಟರು ಕೊಂಬೆಯಿಂದ ಕೊಂಬೆಗೆ ಹೋಗುತ್ತಾರಲ್ಲ, ಅವರನ್ನು ಹಿಂಬಾಲಿಸಲಿ ಎಂದು ಕಿಟಕಿ ಪರದೆಯ ಕಂಬಿಗಳನ್ನು ಜೋಡಿಸಿ ಹಿತ್ತಿಲಿನಿಂದ ನಡುಮನೆಯ ಬಾಗಿಲವರೆಗೆ ಹಳಿ ಹಾಕಿದ.

"ನಡುಮನೆಗೆ ಯಾಕೋ?"

"ಹಳಿ ಹಾಕೋಕೆ ಕೂತೆ, ಕಂಬಿ ಉಳಿದಿತ್ತು."

ಐದನೆಯ ದಿನ ಇನ್ಸ್‌ಪೆಕ್ಟರ ಬಲಗಣ್ಣು ಬಿಚ್ಚಿಕೊಂಡಿತು. ಕಣ್ಣುಗಳೆರಡೂ ಗುಂಡಗಾಗಿ ದಿಕ್ಕಿಗೊಂದರಂತೆ ತಿರುಗತೊಡಗಿದವು. ಹಸಿರು ದೀಪ ಬಿತ್ತು. ಚಿದಂಬರ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ಅವನ ಮುಖದಲ್ಲಿ ನಗು ಕಂಡು ಎಷ್ಟು ದಿನವಾಗಿತ್ತೆಂದು ನನಗೆ ಆಗ ಗೊತ್ತಾಯಿತು.

ಆದರೆ ಕೆಲಸ ಮುಗಿದ ಯಂತ್ರ ಸುಮ್ಮನೆ ಕೂರಬೇಕಲ್ಲ. ಗೋಸುಂಬೆಯ ಕಣ್ಣೇ ಆಗಬೇಕು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಗುಳಿಬಿದ್ದ ಕಣ್ಣು ಕಂಡಲ್ಲಿ ನೀರು, ಅಷ್ಟೇ ಅದರ ವಿದ್ಯೆ. ಮೊದಲು ಗ್ಯಾಸ್ ಸಿಲಿಂಡರಿನವನಿಗೆ ಸಿಂಪಡಿಸಿತು. ಆಮೇಲೆ ಪರೀಕ್ಷೆಗೆ ಓದಿ ಓದಿ ಸೊರಗಿದ್ದ ಎದುರುಮನೆ ಹುಡುಗಿಗೆ. ಭಾಮನ ಮೂರನೆಯ ತಿಂಗಳ ಮಾಸಿಕದ ದಿನ ಪುರೋಹಿತ ಸುಬ್ಬಾವಧಾನಿಗಳು ನಡುಮನೆಯಲ್ಲಿ ಕೂತಿದ್ದರು. ಬೆಳಗಿನಿಂದ ಉಪವಾಸ, ಕಣ್ಣು ಒಳಗೆ ಹೋಗಿತ್ತು. "ತರ್ಪಯಾಮಿ" ಎಂದು ಅವರು ಬಾಯಿ ತೆರೆಯುವುದಕ್ಕೂ ಯಂತ್ರ ಬಾಗಿಲಿಗೆ ಬಂದು ಕೆಂಪು ದೀಪ ಹತ್ತಿಸುವುದಕ್ಕೂ ಸರಿಹೋಯಿತು.

"ಅಮ್ಮಾ, ನಂದು ಸ್ನಾನ ಆಗಿದೆ," ಎಂದರು ಅವಧಾನಿಗಳು, ಮೂಗಿನ ತುದಿಯ ಹನಿ ಒರೆಸಿಕೊಳ್ಳುತ್ತಾ. "ಎರಡು ಸಲ ಮಾಡಿದ್ರೆ ದಕ್ಷಿಣೆ ಬೇರೆ."

ನನಗೆ ನಗು ಬಂತು. ಆದರೆ ಚಿದಂಬರ ನಗಲಿಲ್ಲ. ಎಳ್ಳು ಹಾಕಿದ ನೀರನ್ನು ಕೈಯಿಂದ ತಟ್ಟೆಗೆ ಬಿಡುತ್ತಿದ್ದವನು ಅವಧಾನಿಗಳು ಸಾಕೆಂದರೂ ಬಿಡುತ್ತಲೇ ಇದ್ದ.

"ಈಗ ಎಷ್ಟು ಬೇಕಾದ್ರೂ ಕೊಡಬಹುದು," ಎಂದ, ಮೆಲ್ಲಗೆ.

ಬೈಗುಳ ಬಂತು ಎಂದುಕೊಂಡೆ. ಬರಲಿಲ್ಲ. ಅವನು ಎದ್ದು ಕೈ ತೊಳೆಯಲು ಹೋದ. ಆ ರಾತ್ರಿ ನಾನು ಚೀಲಕ್ಕೆ ಸೀರೆಗಳನ್ನು ತುಂಬಿಟ್ಟೆ. ಬೆಳಿಗ್ಗೆ ಹೊರಟುಬಿಡುವುದು, ಅವನ ಕಣ್ಣೆದುರಿಗೆ ಇನ್ನು ಇರಕೂಡದು ಎಂದು.

ಬೆಳಿಗ್ಗೆ ಒಗೆದ ಬಟ್ಟೆ ತರಲು ಹಿತ್ತಿಲಿಗೆ ಹೋದೆ. ದಾಸವಾಳದ ಎದುರಿದ್ದ ಯಂತ್ರ ಗರಗರನೆ ತಿರುಗಿ ಹಳಿಯ ಮೇಲೆ ನನ್ನತ್ತ ಬಂತು. ಕೆಂಪು ದೀಪ. ಚುಯ್. ಪಕ್ಕಕ್ಕೆ ಸರಿದೆ. ಚುಯ್. ತುಳಸಿಕಟ್ಟೆಯ ಹಿಂದೆ ಹೋದೆ. ಅಲ್ಲಿಗೂ ಕತ್ತು ಚಾಚಿತು.

"ಚಿದು, ನಾನು ಗೋಸುಂಬೆ ಅಲ್ಲ ಅಂತ ಇದಕ್ಕೆ ಹೇಳೋ."

ಅವನು ಬಂದು ಯಂತ್ರದ ಬೆನ್ನಿನ ಪುಟ್ಟ ಪರದೆಯಲ್ಲಿ ಕಣ್ಣಿನ ಗುಳಿಯ ಅಳತೆ ನೋಡಿದ. "ಇನ್ಸ್‌ಪೆಕ್ಟರದ್ದು ಈಗ ಒಂದು. ಅವಧಾನಿಗಳದ್ದು ಮೂರಿತ್ತು. ನಂದು ನಾಲ್ಕು."

"ನಂದು?"

"ಏಳು."

"ಅರವತ್ತೆಂಟರ ಮುದುಕಿ ಕಣ್ಣು ಗುಳಿ ಬೀಳದೆ ಇನ್ನೇನಾಗತ್ತೆ?"

"ಮೂರು ತಿಂಗಳ ಹಿಂದೆ ಹೀಗಿರಲಿಲ್ಲ ಅಕ್ಕ. ನೀರು ಕುಡೀತಿದೀಯಾ ಇಲ್ವಾ?"

ಮುಖದ ಮೇಲೆಲ್ಲ ನೀರು ಇಳಿಯುತ್ತಿತ್ತು. ಆ ಧೈರ್ಯದಲ್ಲೇ ಬಾಯಿಬಿಟ್ಟೆ.

"ಲೋಟ ಎತ್ತಿದ್ರೆ ಅವಳ ಬಾಯೇ ಕಾಣತ್ತೆ ಕಣೋ. ನಾನು ಅವತ್ತು ನಿನ್ನ ಕೈ ಹಿಡೀಬಾರದಿತ್ತು."

ಚಿದಂಬರ ಪರದೆಯ ಮೇಲೆ ಬಿದ್ದ ಹನಿಗಳನ್ನು ಅಂಗೈಯಿಂದ ಒರೆಸಿದ. ಯಂತ್ರ ತನ್ನ ಪಾಡಿಗೆ ಸಿಂಪಡಿಸುತ್ತಿತ್ತು.

"ನಿನ್ನ ಕೈಯಲ್ಲಿ ಎಷ್ಟು ಬಲ ಇದೆ ಅಕ್ಕ?" ಎಂದ ಕೊನೆಗೆ. "ಉಪ್ಪಿನಕಾಯಿ ಭರಣಿ ಮುಚ್ಚಳ ತೆಗೆಯೋಕೂ ನನ್ನೇ ಕರೀತೀಯ. ಕೊಡಲೇಬೇಕು ಅಂತಿದ್ರೆ ಬಿಡಿಸ್ಕೊಂಡು ಕೊಡ್ತಿದ್ದೆ. ನಂಗೂ ಹೆದರಿಕೆ ಇತ್ತು. ನೀನು ಹಿಡ್ಕೊಂಡಿದ್ದೇ ಒಳ್ಳೇದಾಯ್ತು ಅಂದ್ಕೊಂಡೆ ಆಗ. ಅದನ್ನ ನಿಂಗೆ ಹೇಳೋಕಾಗದೆ ಯಂತ್ರ ಮಾಡ್ಕೊಂಡು ಕೂತಿದೀನಿ."

ನಾನು ಅತ್ತೆ. ಶಾಲೆಯಲ್ಲಿ ಮಕ್ಕಳನ್ನು ಅಳಬೇಡಿ ಎಂದು ಗದರಿಸುತ್ತಿದ್ದವಳು, ಸದ್ದು ಮಾಡಿ ಅತ್ತೆ. ಅವನೂ ಪಕ್ಕಕ್ಕೆ ಬಂದು ನಿಂತ. ಯಾರಿಗೆ ಮೊದಲು ಕೊಡಬೇಕೆಂದು ಯಂತ್ರಕ್ಕೆ ತಿಳಿಯಲಿಲ್ಲ. ಅವನಿಗೊಮ್ಮೆ, ನನಗೊಮ್ಮೆ ತಿರುಗಿ ತಿರುಗಿ ಸಿಂಪಡಿಸಿತು. ಇಬ್ಬರೂ ಕದಲಲಿಲ್ಲ. ಮೇಲಿನ ಟ್ಯಾಂಕು ಪೂರ್ತಿ ಖಾಲಿಯಾಗಿ ಪಂಪು ಬರಿಗಾಳಿ ಎಳೆದು ನಿಂತಾಗಲೂ ದೀಪ ಕೆಂಪಗೇ ಇತ್ತು.

ಅಡುಗೆಗೆ ಒಂದು ಚೊಂಬು ನೀರು ಉಳಿದಿರಲಿಲ್ಲ. ಕೊಡ ಹಿಡಿದು ಇಬ್ಬರೂ ಪಕ್ಕದ ಮನೆಗೆ ಹೋದೆವು. ಆ ಮನೆಯಾಕೆ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏನ್ರೀ ಇದು, ನಿಮ್ಮನೇಲಿ ಮಾತ್ರ ಮಳೆ ಬಂತಾ?"

"ಹೂಂ," ಎಂದ ಚಿದಂಬರ, "ಸ್ವಲ್ಪ ತಡವಾಗಿ."