ಮಾವನ ಹಣೆಗೊಂದು ಗಾಳಿಚೀಲ

ಸವಳಂಗದ ತಿಪ್ಪೇಶಪ್ಪ ಬ್ರೇಕ್ ತುಳಿದನೆಂದರೆ ಪಕ್ಕದಲ್ಲಿ ಕೂತವರ ಹಣೆ ಗಾಜಿಗೆ ಕುಟ್ಟಲೇಬೇಕು. ನಿನ್ನೆ ಕುಟ್ಟಿದ ಹಣೆ ಅವನಿಗೆ ಹೆಣ್ಣು ಕೊಟ್ಟ ಸೋದರಮಾವ ಬೀರಲಿಂಗಪ್ಪನದು. ಬಾಡಿಗೆಗೆ ಓಡಿಸುವ ಆ ಕಾರನ್ನು ಕೊಡಿಸಿದವನೂ ಅವನೇ.

"ಮಧ್ಯಾಹ್ನ ಹೊನ್ನಾಳಿಗೆ ನಾಮಕರಣಕ್ಕೆ ಹೋಗೋದೈತೆ," ಎಂದ ಮಾವ, ಹಣೆಯ ಬುಗುಟಿಗೆ ಅರಿಶಿನ ಮೆತ್ತಿಕೊಳ್ಳುತ್ತ. "ಇನ್ನೊಂದು ಸಲ ಹಣೆ ಕುಟ್ಟಿತೋ, ಕಾರು ಮಾರಿಬಿಡ್ತೀನಿ. ನೀನು ಬಂದು ನಮ್ಮ ಹಿಟ್ಟಿನ ಗಿರಣ್ಯಾಗೆ ಕುಂದ್ರು."

ದಿನವಿಡೀ ಹಿಟ್ಟಿನ ಧೂಳು, ಎದುರಿಗೆ ಮಾವನ ಮುಖ! ನೆನೆಸಿಕೊಂಡೇ ತಿಪ್ಪೇಶಪ್ಪನಿಗೆ ಸೀನು ಬಂತು.

ಕ್ಷೌರದಂಗಡಿಯ ಹಳೇ ವಾರಪತ್ರಿಕೆಯೊಂದು ಅವನ ಕಣ್ಣು ತೆರೆಸಿತು. ಫಾರಿನ್ ಕಾರುಗಳಲ್ಲಿ ಗಾಳಿಚೀಲ ಬಂದಿದೆಯಂತೆ. ಡಿಕ್ಕಿಯಾದರೆ ರೆಪ್ಪೆ ಬಡಿಯುವುದರೊಳಗೆ ಚೀಲ ಉಬ್ಬಿ, ಮುಂದಕ್ಕೆ ಬಿದ್ದವನನ್ನು ತಾಯಿ ಮಡಿಲಿನ ಹಾಗೆ ಹಿಡಿಯುತ್ತದಂತೆ. ಅರ್ಧ ಮೀಸೆ ಹಾಗೇ ಬಿಟ್ಟು ತಿಪ್ಪೇಶಪ್ಪ ಪಂಕ್ಚರ್ ಅಂಗಡಿಗೆ ಓಡಿದ.

"ಚೀಲ ತಾನೇ ಉಬ್ಬುತೈತಾ?" ಎಂದ ಅಂಗಡಿಯ ಬೋರಣ್ಣ. "ಗಾಳಿ ಹೊಡಿಯೋನು ಎಲ್ಲಿ ಕುಂತಿರ್ತಾನೆ, ಇಂಜಿನ್‌ನಾಗಾ?"

"ಅದಕ್ಕೆ ಗ್ಯಾಸ್ ಇರ್ತೈತಂತೆ ಕಣೋ."

"ನಮ್ಮತ್ರ ಪಂಪ್ ಐತೆ. ಮೊದಲೇ ಉಬ್ಬಿಸ್ಕೊಂಡು ಹೋಗಣ್ಣ."

ಲಾರಿ ಟ್ಯೂಬನ್ನು ಗಟ್ಟಿಯಾಗಿ ಉಬ್ಬಿಸಿ ಮುಂದಿನ ಸೀಟಿನೆದುರು ತುರುಕಿದರು. ಪರೀಕ್ಷೆಗೆ ಬೋರಣ್ಣನೇ ಕೂತ. ತಿಪ್ಪೇಶಪ್ಪ ಬ್ರೇಕ್ ತುಳಿದ. ಮುಂದಕ್ಕೆ ಹೋದ ಬೋರಣ್ಣ ಅಷ್ಟೇ ವೇಗದಲ್ಲಿ ಹಿಂದಕ್ಕೆ ಹಾರಿ, ಕಾಲು ಮೇಲಾಗಿ ಹಿಂದಿನ ಸೀಟಿಗೆ ಬಿದ್ದ.

"ಈ ಚೀಲ ಹಿಡಿಯಲ್ಲಣ್ಣ, ಒದಿತೈತೆ," ಎಂದು ನರಳಿದ.

ಆಗ ತಿಪ್ಪೇಶಪ್ಪನಿಗೆ ಪತ್ರಿಕೆಯ ಕೊನೆಯ ಸಾಲು ನೆನಪಾಯಿತು. ಚೀಲಕ್ಕೆ ಹಿಂದುಗಡೆ ತೂತಿರುತ್ತದೆ. ಮೈಭಾರ ಬೀಳುತ್ತಲೇ ಗಾಳಿ ಮೆಲ್ಲಗೆ ಹೊರಗೆ ಹೋಗಬೇಕು, ಆಗಲೇ ತಲೆ ಪುಟಿಯುವುದಿಲ್ಲ.

"ತೂತು ಮಾಡಿದ್ರೆ ಗಾಳಿ ನಿಲ್ತೈತೇನ್ರೀ?" ಎಂದಳು ಗಲಾಟೆ ಕೇಳಿ ಬಂದ ಹೆಂಡತಿ ಉಚ್ಚಂಗಮ್ಮ. ಸೇರಿದ ಜನ ತಲೆಗೊಂದು ಸಲಹೆ ಕೊಟ್ಟರು. ಹತ್ತಿ ತುಂಬು ಎಂದರು ಕೆಲವರು, ದಿಂಬನ್ನು ಮಾವನ ತಲೆಗೇ ಕಟ್ಟು ಎಂದರು ಕೆಲವರು. ಕೊನೆಗೆ ತಿಪ್ಪೇಶಪ್ಪನೇ ಟ್ಯೂಬಿಗೆ ತೂತು ಕೊರೆದು, ಮೆಕ್ಕೆಜೋಳದ ಬೆಂಡನ್ನು ಬಿರಡೆಯಂತೆ ಸಿಕ್ಕಿಸಿದ. ಭಾರ ಬಿದ್ದರೆ ಬೆಂಡು ಹಾರಬೇಕು, ಗಾಳಿ ಇಳಿಯಬೇಕು.

ಮಧ್ಯಾಹ್ನ ಮಾವ ಟ್ಯೂಬನ್ನು ಗುಮಾನಿಯಿಂದ ನೋಡುತ್ತಲೇ ಹತ್ತಿ ಕೂತ. ನ್ಯಾಮತಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಎಮ್ಮೆಯೊಂದು ರಸ್ತೆ ಮಧ್ಯೆ ಬಂದು ನಿಂತಿತು. ತಿಪ್ಪೇಶಪ್ಪನ ಕಾಲು ತನ್ನ ಜಾತಕದಂತೆ ನಡೆದುಕೊಂಡಿತು.

ಢಬ್! ಬೆಂಡು ಕಿಟಕಿಯಿಂದ ಹೊಲಕ್ಕೆ ಹಾರಿತು. ಎಮ್ಮೆ ಬಾಲ ಎತ್ತಿಕೊಂಡು ಓಡಿತು. ಮಾವನ ಮುಖ ಟ್ಯೂಬಿನಲ್ಲಿ ಹೂತು, ಬುಸ್ಸೆಂಬ ಸದ್ದಿನ ಜೊತೆ ನಿಧಾನವಾಗಿ ಕೆಳಗಿಳಿದು ನಿಂತಿತು.

ಮಾವ ಹಣೆ ಮುಟ್ಟಿಕೊಂಡ. ಮೂಗು ಮುಟ್ಟಿಕೊಂಡ. ಎಲ್ಲವೂ ನೆಟ್ಟಗಿತ್ತು. ತಿಪ್ಪೇಶಪ್ಪನಿಗೆ ಹಿಗ್ಗೋ ಹಿಗ್ಗು. ಮಾವನ ಚೀಲದ ಗಡಿಬಿಡಿಯಲ್ಲಿ ತನಗೊಂದು ಚೀಲ ಇಟ್ಟುಕೊಳ್ಳುವುದನ್ನೇ ಮರೆತಿದ್ದ. ಸ್ಟೇರಿಂಗಿಗೆ ಬಡಿದ ಅವನ ಮೂಗು ಬದನೆಕಾಯಿಯಾಗಿತ್ತು. ಆದರೂ ಆ ಸಂತೋಷದಲ್ಲಿ ನೋವು ಗೊತ್ತಾಗಲಿಲ್ಲ.

"ಮಾವಾ, ಇನ್ನು ಕಾರು ಮಾರಲ್ಲ ತಾನೇ ನೀವು?"

"ಇಂಥ ಗಾಡಿ ಯಾವನು ಮಾರ್ತಾನೆ?" ಮಾವನ ಕಣ್ಣುಗಳು ಮಿನುಗುತ್ತಿದ್ದವು. "ಅಳಿಯಾ, ಗಾಡಿ ಓಡ್ಸಾಕೆ ಸಣ್ಣೋನಿದ್ದಾಗಿಂದ ಆಸೆ ನನಗೆ. ಬಡಿದ್ರೆ ಏನು ಗತಿ ಅಂತ ಹೆದರ್ಕೊಂಡಿದ್ದೆ. ಇನ್ನೇನು ಹೆದರಿಕೆ? ಇಳಿ, ಈ ಕಡೆ ಬಾ. ಇವತ್ತಿಂದ ಗಾಡಿ ನಂದು, ಗಿರಣಿ ನಿಂದು."

ಬಾಯಿ ತೆರೆಯುವುದರೊಳಗೆ ತಿಪ್ಪೇಶಪ್ಪ ಮಾವನ ಸೀಟಿನಲ್ಲಿದ್ದ. ಟ್ಯೂಬು ಅವನ ಮಡಿಲಲ್ಲಿ ಒಣಗಲು ಹಾಕಿದ ಪಂಚೆಯಂತೆ ಜೋತುಬಿದ್ದಿತ್ತು. ಪಂಪು ಸವಳಂಗದಲ್ಲಿತ್ತು. ಅವನು ತೂತಿಗೆ ಬಾಯಿಟ್ಟು, ಕೆನ್ನೆ ಉಬ್ಬಿಸಿ ಊದತೊಡಗಿದ.

ಕಾರು ಬಿಕ್ಕಳಿಸಿ, ನೆಗೆದು, ಕೆರೆ ಏರಿಯ ಕಡೆಗೆ ಓಡತೊಡಗಿತು.

"ಅಳಿಯಾ," ಎಂದು ಮಾವ ಹುರುಪಿನಿಂದ ಕೇಳಿದ, "ಕಾಲತ್ರ ಮೂರು ಅವೆಯಲ್ಲ, ಇದ್ರಾಗೆ ಬ್ರೇಕ್ ಯಾವುದು?"