ಬೆಚ್ಚಗಿನ ಗೋಡೆಗಾಗಿ ಭಾವನವರಿಗೆ ಅನಂತ ವಂದನೆಗಳು

ಮಾನ್ಯ ಭಾವನವರೇ,

ನನ್ನ ಒಬ್ಬಳೇ ಅಕ್ಕನ ಕೈಹಿಡಿದವರೂ, ಊರಿನ ಅರ್ಧಕ್ಕರ್ಧ ಗೋಡೆಗಳೊಳಗೆ ವೈರು ಎಳೆದ ಖ್ಯಾತ ಗುತ್ತಿಗೆದಾರರೂ ಆದ ತಮ್ಮ ಪಾದಾರವಿಂದಗಳಿಗೆ, ಈ ಬ್ಯೂಟಿ ಪಾರ್ಲರಿನ ಒಡತಿಯಾದ ನಾದಿನಿಯ ನಮಸ್ಕಾರಗಳು. ಪತ್ರವನ್ನು ನನ್ನ ಅಂಗಡಿಯ ಗಾಜಿನ ಬಾಗಿಲಿಗೇ ಅಂಟಿಸಿದ್ದಕ್ಕೆ ಕ್ಷಮೆಯಿರಲಿ. ತಾವು ಫೋನು ಎತ್ತುತ್ತಿಲ್ಲ.

ಗೀಸರ್, ಸ್ಟೀಮರ್, ಡ್ರೈಯರ್, ಎ.ಸಿ., ಕನ್ನಡಿ ದೀಪಗಳು ಎಲ್ಲಕ್ಕೂ ಸೇರಿ ಹೆಬ್ಬೆರಳು ಗಾತ್ರದ ಒಂದೇ ಪೈಪನ್ನು ತಾವು ಗೋಡೆಯಲ್ಲಿ ಹೂತಾಗ, "ಇಷ್ಟೊಂದು ವೈರು ಹಿಡಿಯುತ್ತಾ ಭಾವ?" ಎಂದು ನಾನು ಅಜ್ಞಾನದಿಂದ ಕೇಳಿದ್ದೆ. "ಹೋದಷ್ಟೂ ಹಿಡಿಯುತ್ತೆ. ಸ್ವಲ್ಪ ಶಾಂಪೂ ಕೊಡಮ್ಮ, ಇನ್ನೂ ಎರಡು ಹೋಗುತ್ತೆ" ಎಂದು ತಾವು ನನ್ನ ಅತ್ಯುತ್ತಮ ಶಾಂಪೂ ಸವರಿ ಎಳೆದಿರಿ. ಕೂದಲಿಗೂ ಸಿಗದ ನುಣುಪು ಆ ವೈರುಗಳಿಗೆ ಸಿಕ್ಕಿತು.

ಅಂದಿನಿಂದ ನನ್ನ ಗೋಡೆ ಬೆಚ್ಚಗಾಯಿತು. ಎದುರಂಗಡಿಯ ದರ್ಜಿ ದಿನವೂ ಬಂದು ಬೆನ್ನು ಒರಗಿಸಿ, "ಅಕ್ಕಾ, ನಿಮ್ಮ ಗೋಡೆ ಕೈಗುಣ ಚೆನ್ನಾಗಿದೆ, ಸೊಂಟನೋವು ಮಾಯ" ಎನ್ನುತ್ತಿದ್ದ. ಇಂಥ ಉಚಿತ ಚಿಕಿತ್ಸೆಯನ್ನು ಕರುಣಿಸಿದ ತಮಗೆ ವೈದ್ಯಕೀಯ ಪದವಿಯೊಂದು ಸಲ್ಲಬೇಕೆಂದು ನಾನು ಮನಸಾರೆ ಶಿಫಾರಸು ಮಾಡುತ್ತೇನೆ.

ಮೊನ್ನೆ ಪಾಲಿಟೆಕ್ನಿಕ್‌ನಲ್ಲಿ ವಿದ್ಯುತ್ ಪಾಠ ಮಾಡುವ ಮೇಡಂ ಅರ್ಧ ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದಾಗ, ಕನ್ನಡಿಯ ಹಿಂದಿನಿಂದ ಹೊಗೆ ಬಂತು. "ಮೇನ್ ಆಫ್ ಮಾಡ್ರೀ!" ಎಂದು ಅವರು ಕೂಗದಿದ್ದರೆ, ಈ ಪತ್ರವನ್ನು ಬಾಗಿಲಿಗೆ ಅಂಟಿಸಲು ಬಾಗಿಲೇ ಉಳಿಯುತ್ತಿರಲಿಲ್ಲ. ಆಗಲೇ ಗೋಡೆ ಒಡೆಸಿ ನೋಡಿದೆ: ವೈರುಗಳೆಲ್ಲ ಕರಗಿ ಒಂದಕ್ಕೊಂದು ಅಂಟಿ, ನಾನು ಜೀವಮಾನದಲ್ಲಿ ಹೆಣೆಯದಷ್ಟು ಬಿಗಿಯಾದ ಜಡೆಯಾಗಿದ್ದವು.

ಮೇಡಂ ಅರ್ಧ ಕಪ್ಪು ಅರ್ಧ ಬಿಳಿ ತಲೆಯಲ್ಲೇ ಬಣ್ಣದ ಬ್ರಷ್ ಹಿಡಿದು ಕನ್ನಡಿಯ ಮೇಲೆ ಲೆಕ್ಕ ಹಾಕಿದರು. ಪ್ರತಿ ವೈರಿನ ದಪ್ಪವನ್ನು, ಮೇಲಿನ ಹೊದಿಕೆಯೂ ಸೇರಿ ಅಳೆದು, ಅದರಿಂದಲೇ ಗುಣಿಸಿ, ಎಲ್ಲವನ್ನೂ ಕೂಡಬೇಕಂತೆ. ಪೈಪಿನ ಒಳಅಗಲವನ್ನೂ ಹಾಗೆಯೇ ಗುಣಿಸಬೇಕಂತೆ. ಮೊದಲನೆಯದು ಎರಡನೆಯದರ ಐದರಲ್ಲಿ ಎರಡು ಪಾಲು ಮೀರಬಾರದು, ಉಳಿದದ್ದು ಬಿಸಿ ಆರಲು ಬಿಟ್ಟ ಜಾಗ. ತಮ್ಮ ವೈರುಗಳು ಮುಕ್ಕಾಲು ಪಾಲು ತುಂಬಿದ್ದವು. "ಇದನ್ನ ಎಳೆದವರು ಯಾರು?" ಎಂದರು. ಮನೆತನದ ಮರ್ಯಾದೆಗೆಂದು "ಯಾರೋ ದಾರಿಹೋಕರು" ಎಂದೆ.

ಇಷ್ಟಕ್ಕೆ ಸುಮ್ಮನಿರುತ್ತಿದ್ದೆ ಭಾವ. ಆದರೆ ಬರುವ ವಾರ ತಾವು ಶಿಶುವಿಹಾರಕ್ಕೆ ವೈರು ಎಳೆಯಲು ಹೊರಟಿದ್ದೀರೆಂದು ತಿಳಿದು ನನಗೆ ನಿದ್ದೆ ಹತ್ತುತ್ತಿಲ್ಲ. ಆದಕಾರಣ ನನ್ನ ಸವಿನಯ ಬಿನ್ನಹವೇನೆಂದರೆ, ಅಲ್ಲಿ ದಯವಿಟ್ಟು ದೊಡ್ಡ ಪೈಪು ಹಾಕಿ, ಇಲ್ಲವೇ ಎರಡು ಹಾಕಿ. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಶಾಂಪೂ ಹಚ್ಚಿಕೊಂಡು ತಾವೇ ಒಮ್ಮೆ ಆ ಪೈಪಿನೊಳಗೆ ತೂರಿ, ಒಳಗಿನ ಸೆಖೆ ಹೇಗಿದೆಯೆಂದು ತಿಳಿಸಿ.

ಇನ್ನೂ ನಾದಿನಿಯಾಗಿಯೇ ಉಳಿಯಬಯಸುವ
ತಮ್ಮ ವಿಶ್ವಾಸಿ

ತಾ.ಕ.: ಈ ಪತ್ರವನ್ನು ಮೊದಲು ಓದಿದವಳು ಅಕ್ಕ. ಓದಿದವಳೇ ನೇರ ಮನೆಗೆ ಹೊರಟಳು. ಸದ್ಯ ನಿಮ್ಮ ಮಲಗುವ ಕೋಣೆಯ ಗೋಡೆಗೆ ಅಂಗೈ ಇಟ್ಟು ನಿಂತಿದ್ದಾಳೆ, ಈಗಷ್ಟೇ ಫೋನು ಬಂತು. ಬೆಚ್ಚಗಿದೆಯಂತೆ.